ರೊಕ್ಕ ಬಂತು, ರೊಕ್ಕ ಹೋಯ್ತು. ಯಾಣದ ಬಂಡೆ ನೋಡುತ್ತ ನಿಂತಿತು

“ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ.” ನಮ್ಮ ಜಿಲ್ಲೆಯ ಈ ಗಾದೆ ಕೇಳದವರು ಘಟ್ಟದ ಮೇಲೂ ಇಲ್ಲ, ಕೆಳಗೂ ಇಲ್ಲ. ಗೋಕರ್ಣಕ್ಕೆ ಹೋದರೆ ದಾನ ದಕ್ಷಿಣೆ ಅಂತ ಕಿಸೆ ಬಿಚ್ಚಬೇಕು. ಯಾಣಕ್ಕೆ ಹೋಗಲು ಕಿಸೆ ಬೇಡ. ಕಾಲಲ್ಲಿ ಕಸುವು ಬೇಕು, ಎದೆಯಲ್ಲಿ ಧೈರ್ಯ ಬೇಕು. ಕಿಲೋಮೀಟರುಗಟ್ಟಲೆ ಕಾಡುದಾರಿ, ಉಂಬಳ, ಹಾವು, ಹಳ್ಳ ದಾಟಿ ಹೋಗಬೇಕಿದ್ದ ಕಾಲದ ಮಾತದು.

ಈಗ ಈ ಗಾದೆಗೆ ಮೂರನೇ ಸಾಲೊಂದನ್ನು ಸೇರಿಸುವ ಕಾಲ ಬಂದಿದೆ: “ಮಂಜೂರಾದ ರೊಕ್ಕ ವಾಪಸು ದಿಲ್ಲಿಗೆ!”

ತಮಾಷೆಯಲ್ಲ, ಮಾರಾಯ್ರೆ. ಲೆಕ್ಕದ ಮಾತು. ಸಂಜೆಯ ಚಾ ಆರುವುದರೊಳಗೆ ಹೇಳಿ ಮುಗಿಸುತ್ತೇನೆ, ಕೇಳಿ.

95 ಕೋಟಿಯ ಕತೆ

ಕೇಂದ್ರ ಸರಕಾರ 2014-15ರಲ್ಲಿ ‘ಸ್ವದೇಶ ದರ್ಶನ’ ಎಂಬ ಯೋಜನೆ ತಂದಿತು. ದೇಶದ ಪ್ರವಾಸಿ ತಾಣಗಳನ್ನು ಒಂದೊಂದು ದಾರದಲ್ಲಿ ಪೋಣಿಸಿ ‘ಸರ್ಕ್ಯೂಟ್’ ಮಾಡುವುದು ಉದ್ದೇಶ. ಬೌದ್ಧರದ್ದೊಂದು, ರಾಮಾಯಣದ್ದೊಂದು, ಮರುಭೂಮಿಯದ್ದೊಂದು, ಕರಾವಳಿಯದ್ದೊಂದು, ಹೀಗೆ. ಇದರ ದೊಡ್ಡ ಗುಣ ಏನಪ್ಪಾ ಅಂದರೆ, ಕಟ್ಟುವ ಖರ್ಚು ಪೂರ್ತಿ ಕೇಂದ್ರದ್ದು. ನೂರಕ್ಕೆ ನೂರು. ರಾಜ್ಯ ಮಾಡಬೇಕಾದ್ದು ಇಷ್ಟೇ: ಜಾಗ ತೋರಿಸಬೇಕು, ಕೆಲಸ ಮಾಡಿಸಬೇಕು, ಕಟ್ಟಿದ ಮೇಲೆ ನೋಡಿಕೊಳ್ಳಬೇಕು.

ಈ ಯೋಜನೆಯಲ್ಲಿ 2016-17ರ ಸಾಲಿಗೆ ಕರ್ನಾಟಕಕ್ಕೆ ‘ಕರಾವಳಿ ಸರ್ಕ್ಯೂಟ್’ ಮಂಜೂರಾಯಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಮೂರೂ ಜಿಲ್ಲೆಗೆ ಸೇರಿ 95.67 ಕೋಟಿ ರೂಪಾಯಿ. ಸಮಪಾಲು ಮಾಡಿದರೆ ನಮ್ಮ ಜಿಲ್ಲೆಯ ಪಾಲಿಗೆ 32 ಕೋಟಿಯ ಹತ್ತಿರ. ಒಂದು ಒಳ್ಳೆ ಸಾರ್ವಜನಿಕ ಶೌಚಾಲಯಕ್ಕೆ 25 ಲಕ್ಷ ಅಂತ ಧಾರಾಳವಾಗಿ ಹಿಡಿದರೂ ನೂರಿಪ್ಪತ್ತಕ್ಕೂ ಮಿಕ್ಕಿ ಕಟ್ಟಬಹುದಾದ ಹಣ.

ಆಮೇಲೆ? ಆಮೇಲೆ ಏನೂ ಇಲ್ಲ. ಯೋಜನೆಯನ್ನೇ ಕೈಬಿಡಲಾಯಿತು. ಸ್ವದೇಶ ದರ್ಶನದ ಮೊದಲ ಹಂತದ ಅಂತಿಮ ಪಟ್ಟಿಯಲ್ಲಿ ದೇಶದ 76 ಯೋಜನೆಗಳಿವೆ. ಆ 76ರಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ಹಂಪಿ, ಬಾದಾಮಿ, ಬೇಲೂರು, ಜೋಗ, ಗೋಕರ್ಣ ಎಲ್ಲ ಇರುವ ರಾಜ್ಯ, ಪ್ರವಾಸೋದ್ಯಮದ ಪಟ್ಟಿಯಲ್ಲಿ ಗೈರುಹಾಜರು!

ಮಂಜೂರಿಯ ಸುದ್ದಿ ಬಂದಾಗ ಅಭಿನಂದನೆ ಹೇಳುವವರಿಗೆ ಬರವಿಲ್ಲ. ವಾಪಸು ಹೋದ ಸುದ್ದಿಗೆ ಮಾತ್ರ ವಾರಸುದಾರರು ಸಿಗುವುದಿಲ್ಲ. ಬಂದ ಹಣಕ್ಕೆ ಹತ್ತು ಅಪ್ಪಂದಿರು. ಹೋದ ಹಣ ಅನಾಥ.

ನೆರೆಮನೆಯಲ್ಲಿ ಏನಾಯಿತು?

ನಮ್ಮ ಕಾರವಾರದ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ. ಅದೇ ಯೋಜನೆಯಲ್ಲಿ, ಅದೇ 2016-17ರಲ್ಲಿ, ಗೋವಾಕ್ಕೂ ಕರಾವಳಿ ಸರ್ಕ್ಯೂಟ್ ಮಂಜೂರಾಯಿತು. ಸಿಂಕ್ವೆರಿಂ, ಬಾಗಾ, ಅಂಜುನಾ, ವಾಗಾತೋರ್ ಕಡಲತೀರಗಳ ಜೊತೆ ಅಗುವಾದ ಕೋಟೆ ಮತ್ತು ಅದರ ಜೈಲು. ಗೋವಾದವರು ಅದನ್ನು ಮಾಡಿಸಿಕೊಂಡರು. ಅಷ್ಟೇ ಅಲ್ಲ, ಮರುವರ್ಷ ಎರಡನೇ ಸರ್ಕ್ಯೂಟನ್ನೂ ತಂದರು. ವಿಮೋಚನಾ ಹೋರಾಟಗಾರರನ್ನು ಕೂಡಿಹಾಕಿದ್ದ ಅಗುವಾದ ಜೈಲು ವಸ್ತುಸಂಗ್ರಹಾಲಯವಾಗಿ 2021ರ ಡಿಸೆಂಬರ್ 19ರಂದು, ಗೋವಾ ವಿಮೋಚನಾ ದಿನದಂದೇ, ಪ್ರಧಾನಿಯ ಕೈಯಿಂದ ಉದ್ಘಾಟನೆಯಾಯಿತು.

ಅವರದ್ದೂ ಕಡಲು, ನಮ್ಮದೂ ಕಡಲು. ಕಡಲತೀರದ ಕಾನೂನೂ ಒಂದೇ, ದಿಲ್ಲಿಯೂ ಒಂದೇ. ಅವರ ಉಪ್ಪು ನೀರಿಗೆ ರುಚಿ ಹೆಚ್ಚು ಅಂತ ಕೇಂದ್ರದವರು ಹೇಳಿಲ್ಲ.

ಕೆಳಗಡೆ ಕೇರಳವೂ 2018-19ರಲ್ಲಿ ಮಲನಾಡು-ಮಲಬಾರಿನ ನದಿಗಳಲ್ಲಿ ದೋಣಿ ವಿಹಾರದ ಯೋಜನೆಗೆ ಇದೇ ಚೀಲದಿಂದ ಹಣ ಪಡೆಯಿತು. ನಮ್ಮಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಕಡಲು ಸೇರುತ್ತವೆ. ಇಷ್ಟು ಅಳಿವೆ ಇಟ್ಟುಕೊಂಡು ನಾವು ಕೈಚೆಲ್ಲಿ ಕೂತೆವು.

ಕಡತ ಎಲ್ಲಿ ಸಿಕ್ಕಿಬೀಳುತ್ತದೆ?

ಸರಕಾರಿ ಅನುದಾನದ ದಾರಿ ಹಳೇ ಯಾಣದ ದಾರಿಯ ಹಾಗೆ. ಹೆಜ್ಜೆಹೆಜ್ಜೆಗೂ ಹಳ್ಳ.

ಮೊದಲು ವಿವರವಾದ ಯೋಜನಾ ವರದಿ ಆಗಬೇಕು. ಆಮೇಲೆ ಜಾಗ. ಜಾಗ ಇಲಾಖೆಯ ಹೆಸರಲ್ಲಿ, ತಕರಾರಿಲ್ಲದೆ ಇರಬೇಕು. ಆಮೇಲೆ ಟೆಂಡರು. ಹಣ ಬರುವುದು ಒಂದೇ ಗಂಟಾಗಿ ಅಲ್ಲ, ಕಂತಿನಲ್ಲಿ. ಮೊದಲ ಕಂತು ಖರ್ಚು ಮಾಡಿ, ಬಳಕೆ ಪ್ರಮಾಣಪತ್ರ ಕಳಿಸಿದರೆ ಮಾತ್ರ ಎರಡನೇ ಕಂತು. ಕಳಿಸದಿದ್ದರೆ ಅಲ್ಲಿಗೆ ನಲ್ಲಿ ಬಂದ್. ಖರ್ಚಾಗದ ಅನುದಾನವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಎಣಿಸುವ ಹಾಗೂ ಇಲ್ಲ. ಬಡ್ಡಿಯೂ ಕೇಂದ್ರದ ಖಜಾನೆಗೆ ಸೇರಿದ್ದು.

ನಮ್ಮ ಜಿಲ್ಲೆಯಲ್ಲಿ ಈ ಹಳ್ಳಗಳು ಇನ್ನಷ್ಟು ಆಳ. ಜಿಲ್ಲೆಯ ಮುಕ್ಕಾಲು ಪಾಲು ಅರಣ್ಯ. ಅಲ್ಲಿ ಅರಣ್ಯೇತರ ಕಾಮಗಾರಿ ಮಾಡುವುದಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ಉಳಿದದ್ದರಲ್ಲಿ ಕಡಲಂಚಿನ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮ. ಯೋಜನೆ ಮಂಜೂರಾದಾಗ ಜಾರಿಯಲ್ಲಿದ್ದದ್ದು 2011ರ ಅಧಿಸೂಚನೆ. 2019ರ ಜನವರಿಯಲ್ಲಿ ಹೊಸ ಅಧಿಸೂಚನೆ ಬಂತು. ಬೀಚಿನಲ್ಲಿ ತಾತ್ಕಾಲಿಕ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರಿನ ವ್ಯವಸ್ಥೆ ಮಾಡಲು ಅದರಲ್ಲಿ ದಾರಿ ತೋರಿಸಿದ್ದಾರೆ. ದಾರಿ ತೆರೆಯಿತು, ಹಣ ನಿಲ್ಲಲಿಲ್ಲ.

ಹಾಗಂತ ಎಲ್ಲ ತಪ್ಪನ್ನೂ ಕಾನೂನಿನ ತಲೆಗೆ ಕಟ್ಟುವುದು ಸರಿಯಲ್ಲ. ಅರಣ್ಯ ಕಾಯಿದೆ ರಾತ್ರೋರಾತ್ರಿ ಬಂದದ್ದಲ್ಲ. ಕಡಲಂಚಿನ ನಿಯಮ ಮೊದಲು ಬಂದದ್ದು 1991ರಲ್ಲಿ. ಮಂಜೂರಿಗೆ ಅರ್ಜಿ ಹಾಕುವಾಗಲೇ ಇವೆಲ್ಲ ಗೊತ್ತಿದ್ದ ಸಂಗತಿ. ಹುಡುಗಿ ನೋಡದೆ ಲಗ್ನಪತ್ರಿಕೆ ಅಚ್ಚು ಹಾಕಿಸಿ, ಆಮೇಲೆ ಮದುವೆ ಮುರಿಯಿತು ಅಂತ ಪುರೋಹಿತರನ್ನು ಬೈದರೆ ಹೇಗೆ?

ದಿಲ್ಲಿಯವರೂ ಸಾಚಾ ಅಲ್ಲ

ಹಾಗಾದರೆ ತಪ್ಪೆಲ್ಲ ಬೆಂಗಳೂರಿನದ್ದೋ? ಅಲ್ಲ. ಸ್ವದೇಶ ದರ್ಶನದ ಬಗ್ಗೆ ಮಹಾಲೇಖಪಾಲರ ವರದಿಯೊಂದು 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂತು. ಸರಿಯಾದ ಪೂರ್ವಸಿದ್ಧತೆ, ಕಾರ್ಯಸಾಧ್ಯತೆಯ ಅಧ್ಯಯನ ಇಲ್ಲದೆ ಯೋಜನೆಗಳನ್ನು ಕೈಗೆತ್ತಿಕೊಂಡದ್ದು, ಕಾಮಗಾರಿಗಳು ವಿಳಂಬವಾದದ್ದು ಅದರಲ್ಲಿ ದಾಖಲಾಯಿತು. ಅಂದರೆ ಕೊಟ್ಟವನೂ ಯೋಚಿಸಿ ಕೊಡಲಿಲ್ಲ, ಪಡೆದವನೂ ಯೋಚಿಸಿ ಪಡೆಯಲಿಲ್ಲ.

ಇದು ಯಾಣದ ಸ್ಥಳಪುರಾಣವೇ ಆಯಿತಲ್ಲ! ಶಿವ ಹಿಂದುಮುಂದು ನೋಡದೆ ಭಸ್ಮಾಸುರನಿಗೆ ವರ ಕೊಟ್ಟ. ಯಾರ ತಲೆ ಮೇಲೆ ಕೈಯಿಟ್ಟರೂ ಬೂದಿ. ವರ ಪಡೆದವ ಕೊಟ್ಟವನ ತಲೆಗೇ ಕೈ ನೀಡಿದ. ಕೊನೆಗೆ ವಿಷ್ಣು ಮೋಹಿನಿಯಾಗಿ ಬಂದು ಕುಣಿಸಿ, ಅವನ ಕೈಯನ್ನು ಅವನ ತಲೆಗೇ ಇಡಿಸಿದ. ಆ ಬೂದಿಯೇ ಯಾಣದ ಕಪ್ಪು ಮಣ್ಣು, ದೊಡ್ಡ ಬಂಡೆ ಭೈರವೇಶ್ವರ ಶಿಖರ, ಚಿಕ್ಕದು ಮೋಹಿನಿ ಶಿಖರ ಅಂತ ಹಿರಿಯರು ಹೇಳುತ್ತ ಬಂದಿದ್ದಾರೆ. ಪಾತ್ರೆ ನೋಡದೆ ಕೊಟ್ಟ ವರ ಬೂದಿಯಾಗಿಯೇ ಮುಗಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಯಾಣಕ್ಕೆ ಯಾಕೆ ಬಂದೆ ಅಂದರೆ...

95 ಕೋಟಿ ಯಾಣವೊಂದಕ್ಕೇ ಬಂದದ್ದಲ್ಲ. ಮೂರು ಜಿಲ್ಲೆಯ ಕಡಲಂಚಿನ ಹೆಸರಲ್ಲಿ ಬಂದದ್ದು. ಆದರೂ ಈ ಲೆಕ್ಕವನ್ನು ಯಾಣದ ಬುಡದಲ್ಲಿ ನಿಂತು ಮಾಡುವುದಕ್ಕೆ ಕಾರಣ ಇದೆ.

ಕುಮಟಾದಿಂದ ಸುಮಾರು 30 ಕಿ.ಮೀ., ಶಿರಸಿಯಿಂದ 40 ಕಿ.ಮೀ. ಆಚೀಚೆ. ಭೈರವೇಶ್ವರ ಶಿಖರ 120 ಮೀಟರು, ಮೋಹಿನಿ ಶಿಖರ 90 ಮೀಟರು. ಮುರುಡೇಶ್ವರದ ಸಿಮೆಂಟಿನ ಶಿವ 123 ಅಡಿ ಅಂತ ನಾವು ಬೀಗುತ್ತೇವಲ್ಲ, ಅಂಥ ಮೂರು ಶಿವನನ್ನು ಒಬ್ಬರ ಮೇಲೊಬ್ಬರಂತೆ ನಿಲ್ಲಿಸಿದರೆ ಭೈರವೇಶ್ವರನ ನೆತ್ತಿಗೆ ಬಂದೀತು. ಇದನ್ನು ಕಟ್ಟಿದ ಇಂಜಿನಿಯರು ಮಳೆ. ಸುಣ್ಣಕಲ್ಲಿನ ಜಾತಿಯ ಕರಿಬಂಡೆ. ಮಳೆನೀರು ಕಲ್ಲನ್ನು ಕರಗಿಸುತ್ತ, ಕೊರೆಯುತ್ತ ಬಂದು ಈ ರೂಪ ಕೊಟ್ಟಿದೆ. ಟೆಂಡರಿಲ್ಲ, ಕಂತಿಲ್ಲ, ಬಳಕೆ ಪ್ರಮಾಣಪತ್ರವಿಲ್ಲ. ಹತ್ತಿರದ ಜಲಪಾತಕ್ಕೆ ವಿಭೂತಿ ಅಂತ ಹೆಸರು ಬಂದದ್ದೂ ಇದೇ ಸುಣ್ಣಕಲ್ಲಿನ ಬಿಳುಪಿನಿಂದ.

1996ರಲ್ಲಿ ಸುನಿಲ್ ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೆ’ ತೆರೆಗೆ ಬಂತು. ಅದರಲ್ಲಿ ಯಾಣ ಕಂಡದ್ದೇ ಕಂಡದ್ದು, ಬಯಲುಸೀಮೆಯ ಜನ ಬಸ್ಸು ಮಾಡಿಕೊಂಡು ಹೊರಟರು. ಜಾಹೀರಾತಿಗೆ ಸರಕಾರ ಒಂದು ಪೈಸೆ ಖರ್ಚು ಮಾಡದೆ ಯಾಣ ರಾಜ್ಯಕ್ಕೆಲ್ಲ ಗೊತ್ತಾಯಿತು. ದಾರಿ ಸುಧಾರಿಸಿತು, ಮೆಟ್ಟಿಲು ಬಂತು. ಸೊಕ್ಕಿಲ್ಲದವರೂ ಯಾಣ ನೋಡುವಂತಾಯಿತು. ಒಳ್ಳೆಯದೇ ಆಯಿತು.

ಆದರೆ ಜನ ಬಂದ ಮೇಲೆ ಪ್ಲಾಸ್ಟಿಕ್ಕೂ ಬರುತ್ತದೆ, ಕಾರಿನ ಸಾಲೂ ಬರುತ್ತದೆ. ಶಿವರಾತ್ರಿಯ ಜಾತ್ರೆಗೆ ಸಾವಿರಗಟ್ಟಲೆ ಜನ. ಅವರಿಗೆ ಬೇಕಾದ್ದು ಪಂಚತಾರಾ ಹೋಟೆಲಲ್ಲ, ಗಾಜಿನ ಸೇತುವೆಯಲ್ಲ, ಬಣ್ಣದ ದೀಪವೂ ಅಲ್ಲ. ಕುಡಿಯುವ ನೀರು, ಬಾಗಿಲು ಹಾಕಿಕೊಳ್ಳಲು ಬರುವ ಶೌಚಾಲಯ, ಜಾರದ ಮೆಟ್ಟಿಲು, ಕಸ ಹೊತ್ತು ಕೆಳಗೆ ತರುವ ಕೈ, ಬಿದ್ದವರಿಗೆ ಪ್ರಥಮ ಚಿಕಿತ್ಸೆ. ಇಷ್ಟು. ಇವು ಯಾವುದಕ್ಕೂ ಮರ ಉರುಳಿಸಬೇಕಿಲ್ಲ, ಬಂಡೆಗೆ ಮೊಳೆ ಹೊಡೆಯಬೇಕಿಲ್ಲ. ಸುಣ್ಣಕಲ್ಲು ನೋಡಲು ಗಟ್ಟಿ, ಸ್ವಭಾವದಲ್ಲಿ ಮೆತ್ತಗೆ. ಅದರ ಬುಡದಲ್ಲಿ ಜೇಸಿಬಿ ಕುಣಿಸುವ ಯೋಜನೆ ಯಾರೇ ತಂದರೂ ಅದು ವಾಪಸು ಹೋಗುವುದೇ ಲೇಸು.

ಎಲ್ಲ ಅನುದಾನವೂ ವರವಲ್ಲ, ಎಲ್ಲ ವಾಪಸಾತಿಯೂ ಶಾಪವಲ್ಲ ಎಂಬುದನ್ನು ಯಾಣದ ಬಂಡೆ ಎದುರು ನಿಂತವ ಒಪ್ಪಲೇಬೇಕು. ನಮ್ಮ ಸಿಟ್ಟು ಗಾಜಿನ ಸೇತುವೆ ಬರಲಿಲ್ಲ ಅಂತಲ್ಲ. ಶೌಚಾಲಯಕ್ಕೆ, ಜೀವರಕ್ಷಕನಿಗೆ ಆಗಬಹುದಾಗಿದ್ದ ಹಣವೂ ಅದರ ಜೊತೆಗೇ ಹೋಯಿತಲ್ಲ ಅಂತ.

ಕಾಸರಕೋಡು ಮಾಡಿ ತೋರಿಸಿತು

ನಮ್ಮ ಜಿಲ್ಲೆಯಲ್ಲಿ ಏನೂ ಆಗುವುದಿಲ್ಲ ಅನ್ನುವವರಿಗೆ ಒಂದು ಉತ್ತರ ಹೊನ್ನಾವರ ತಾಲೂಕಿನಲ್ಲೇ ಇದೆ. ಕಾಸರಕೋಡಿನ ಕಡಲತೀರಕ್ಕೆ 2020ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮನ್ನಣೆ ಸಿಕ್ಕಿತು. ಆ ವರ್ಷ ದೇಶದಲ್ಲಿ ಈ ಬಾವುಟ ಸಿಕ್ಕಿದ್ದು ಎಂಟೇ ಕಡಲತೀರಗಳಿಗೆ. ಅದರಲ್ಲಿ ಎರಡು ಕರ್ನಾಟಕದ್ದು. ಒಂದು ಉಡುಪಿಯ ಪಡುಬಿದ್ರಿ, ಇನ್ನೊಂದು ನಮ್ಮ ಕಾಸರಕೋಡು.

ಆ ಬಾವುಟಕ್ಕೆ 33 ಷರತ್ತು. ನೀರು ಶುದ್ಧ ಇರಬೇಕು, ಪರೀಕ್ಷೆ ಮಾಡಿ ಫಲಿತಾಂಶ ಹಾಕಬೇಕು. ಶೌಚಾಲಯ ಇರಬೇಕು, ಅದರ ಹೊಲಸು ಕಡಲಿಗೆ ಹೋಗಬಾರದು. ಜೀವರಕ್ಷಕರು ಇರಬೇಕು. ಅಂಗವಿಕಲರು ನೀರಿನ ಹತ್ತಿರ ಹೋಗುವಂತಿರಬೇಕು. ಎಲ್ಲಕ್ಕಿಂತ ಮುಖ್ಯ, ಬಾವುಟ ಒಮ್ಮೆ ಸಿಕ್ಕಿದರೆ ಮುಗಿಯಲಿಲ್ಲ. ವರ್ಷ ವರ್ಷ ಮತ್ತೆ ಪರೀಕ್ಷೆ. ನೋಡಿಕೊಳ್ಳದಿದ್ದರೆ ಬಾವುಟ ಇಳಿಸುತ್ತಾರೆ.

ಇದರಲ್ಲಿರುವ ಪಾಠ ನೋಡಿ. ಅಲ್ಲಿ ಕೇಳುವುದು “ಎಷ್ಟು ಕೋಟಿ ಕಟ್ಟಿದಿರಿ?” ಅಂತಲ್ಲ, “ಇವತ್ತು ಬೆಳಿಗ್ಗೆ ಯಾರು ಗುಡಿಸಿದರು?” ಅಂತ. ನಮ್ಮ ಇಲಾಖೆಗಳು ಕಟ್ಟುವುದಕ್ಕೆ ಹಣ ಹುಡುಕುತ್ತವೆ; ಗುಡಿಸುವುದಕ್ಕೆ ಹಣ ಇಡುವುದಿಲ್ಲ. ಹಾಗಾಗಿಯೇ ಉದ್ಘಾಟನೆಯ ಕಲ್ಲು ಹೊಳೆಯುತ್ತಿರುವಾಗಲೇ ನಲ್ಲಿ ಒಣಗಿರುತ್ತದೆ.

ನಷ್ಟ ಯಾರಿಗೆ?

ಅನುದಾನ ವಾಪಸು ಹೋದರೆ ಬೆಂಗಳೂರಿನ ಯಾವ ಸಾಹೇಬರ ಸಂಬಳವೂ ಕಡಿಮೆಯಾಗುವುದಿಲ್ಲ. ಯಾವ ಪುಢಾರಿಯೂ ಅದಕ್ಕಾಗಿ ಚುನಾವಣೆ ಸೋತದ್ದಿಲ್ಲ. ನಷ್ಟ ಅನುಭವಿಸುವವರು ಬೇರೆ.

2024ರ ಡಿಸೆಂಬರ್ 10. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ವಸತಿ ಶಾಲೆಯ ಮಕ್ಕಳು ಪ್ರವಾಸಕ್ಕೆ ಮುರುಡೇಶ್ವರಕ್ಕೆ ಬಂದಿದ್ದರು. ಕಡಲು ಅವರಿಗೆ ಹೊಸತು. ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆಮೇಲೆ ತೀರ ಬಂದ್ ಆಯಿತು, ಬೇಲಿ ಬಂತು, ಸಭೆಗಳಾದವು. ಆ ನಾಲ್ಕು ಮನೆಗಳಿಗೆ ಅದರಿಂದ ಏನಾಗಬೇಕು? 95 ಕೋಟಿ ಉಳಿದಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಅನ್ಯಾಯ. ಆದರೆ ಬೀಚಿನಲ್ಲಿ ಕಾವಲು ಗೋಪುರ, ತರಬೇತಾದ ಜೀವರಕ್ಷಕ, ಕೆಂಪು ಬಾವುಟ, ಇವು ಶೋಕಿಯಲ್ಲ, ಪ್ರವಾಸೋದ್ಯಮದ ಮೊದಲ ಅಕ್ಷರ ಅಂತ ಹೇಳಲೇಬೇಕು. ಮೊದಲ ಅಕ್ಷರ ಕಲಿಯದೆ ನಾವು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತಿದ್ದೇವೆ.

ಅದೇ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿಯಿತು. ಚಾದ ಅಂಗಡಿ, ನಿಂತಿದ್ದ ಲಾರಿ ಎಲ್ಲ ಗಂಗಾವಳಿಯ ಪಾಲು. ಮಣ್ಣು ಎಷ್ಟು ಸಡಿಲ, ಮಳೆ ಎಷ್ಟು ಬಿರುಸು ಎಂಬುದನ್ನು ಮರೆತು ಗುಡ್ಡ ಕೊಯ್ದರೆ ಏನಾಗುತ್ತದೆಂದು ಈ ಜಿಲ್ಲೆ ಜೀವ ತೆತ್ತು ಕಲಿತಿದೆ. ಯಾಣಕ್ಕೆ ಆಗಲಿ ಕಡಲಿಗೆ ಆಗಲಿ ಇನ್ನು ಯಾವುದೇ ಯೋಜನೆ ಬಂದರೆ ಮೊದಲು ನೆಲ ನೋಡಿ, ಆಮೇಲೆ ನಕ್ಷೆ ಬರೆಯಬೇಕು.

ಇನ್ನೊಂದು ನಷ್ಟವೂ ಇದೆ. ಈ ಜಿಲ್ಲೆ ದೇಶಕ್ಕೆ ಕೊಟ್ಟದ್ದು ಸ್ವಲ್ಪವೇ? ಕಾಳಿಯ ಅಣೆಕಟ್ಟುಗಳಿಗೆ ಜಾಗ ಕೊಟ್ಟಿತು. 1986ರಲ್ಲಿ ಶಿಲಾನ್ಯಾಸವಾದ ಸೀಬರ್ಡ್ ನೌಕಾನೆಲೆಗೆ ಸಾವಿರಾರು ಕುಟುಂಬ ಊರು ಬಿಟ್ಟವು. ಕೈಗಾ ಅಣುಸ್ಥಾವರ, ಕೊಂಕಣ ರೈಲು, ಚತುಷ್ಪಥ ಹೆದ್ದಾರಿ, ಎಲ್ಲದಕ್ಕೂ ಇಲ್ಲಿಯ ಗದ್ದೆ, ತೋಟ, ಕಾಡು ಹೋಯಿತು. ಕೊಡುವಾಗ ಜಾಗ ಸಿಕ್ಕಿತು. ನಮಗೆ ಅಂತ ಒಂದಿಷ್ಟು ಹಣ ಬಂದಾಗ ಮಾತ್ರ ಕಡತ ಮುಂದೆ ಸರಿಯಲಿಲ್ಲ!

ಯಾಣದ ದಾರಿಯಲ್ಲಿ ಕೋಕಂ ಶರಬತ್ತು ಮಾರುವವರು, ಗೋಕರ್ಣದಲ್ಲಿ ಎರಡು ಕೋಣೆ ಬಾಡಿಗೆ ಕೊಡುವವರು, ಹೊನ್ನಾವರದ ದೋಣಿಯವರು, ಟೆಂಪೋ ಡ್ರೈವರು, ಇವರೆಲ್ಲ ಪ್ರವಾಸೋದ್ಯಮ. ಕೋಟಿಯ ಲೆಕ್ಕ ಇವರ ತನಕ ಇಳಿಯುವುದು ಹನಿಹನಿಯಾಗಿ. ಆ ಹನಿಯೂ ಇಳಿಯಲಿಲ್ಲ.

ಮುಂದಿನ ಬಸ್ಸಾದರೂ ಸಿಗಲಿ

ಹೋದ ಬಸ್ಸಿಗೆ ಕೈ ಬೀಸಿ ಪ್ರಯೋಜನ ಇಲ್ಲ. ಸ್ವದೇಶ ದರ್ಶನದ ಮೊದಲ ಹಂತ ಮುಗಿದು ಎರಡನೇ ಹಂತ ಬಂತು. ಸರ್ಕ್ಯೂಟ್ ಬದಲು ಒಂದೊಂದೇ ಊರನ್ನು ಆರಿಸುವ ಪದ್ಧತಿ. ಅದರಲ್ಲಿ ಕರ್ನಾಟಕದಿಂದ ಹಂಪಿ, ಮೈಸೂರು ಆಯ್ಕೆಯಾದವು. 2024ರ ನವೆಂಬರಿನಲ್ಲಿ ಕೇಂದ್ರ ಇನ್ನೊಂದು ಪಟ್ಟಿ ಹೊರಡಿಸಿತು. 23 ರಾಜ್ಯಗಳಿಗೆ 40 ಯೋಜನೆ. ನಮ್ಮ ರಾಜ್ಯಕ್ಕೆ ಬೆಂಗಳೂರಿನ ರೋರಿಚ್-ದೇವಿಕಾರಾಣಿ ಎಸ್ಟೇಟು ಮತ್ತು ಸವದತ್ತಿ ಯಲ್ಲಮ್ಮನ ಗುಡ್ಡ, ಒಟ್ಟು 200 ಕೋಟಿಯ ಹತ್ತಿರ. ಇದು ಪುಕ್ಕಟೆ ಅನುದಾನವಲ್ಲ. 50 ವರ್ಷದ ಬಡ್ಡಿಯಿಲ್ಲದ ಸಾಲ. ಯಲ್ಲಮ್ಮನ ಭಕ್ತರಿಗೆ ಒಳ್ಳೆಯದಾಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಪಟ್ಟಿಯಲ್ಲೂ ಕಡಲು ಕಾಣಲಿಲ್ಲ ಎಂಬುದನ್ನು ಬರೆದಿಡಬೇಕಾಗುತ್ತದೆ.

ಇನ್ನೊಮ್ಮೆ ಹಣ ಬಂದರೆ ಅದು ಮತ್ತೆ ದಿಲ್ಲಿಯ ರೈಲು ಹತ್ತಬಾರದು ಅನ್ನುವುದಿದ್ದರೆ ಜಿಲ್ಲೆಯ ಜನ ಈಗಲೇ ನಾಲ್ಕು ಮಾತು ಕೇಳಿಟ್ಟುಕೊಳ್ಳಬೇಕು.

ಒಂದು, ಕೈಬಿಟ್ಟ 95.67 ಕೋಟಿಯ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಯಾವ ಯಾವ ಕೆಲಸ ಇತ್ತು, ಪ್ರತಿಯೊಂದೂ ಯಾವ ಮೇಜಿನಲ್ಲಿ ನಿಂತಿತು ಎಂಬುದನ್ನು ಪ್ರವಾಸೋದ್ಯಮ ಇಲಾಖೆ ಕಚೇರಿಯ ಗೋಡೆಗೆ ಅಂಟಿಸಲಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿಕೊಳ್ಳುವ ಬದಲು ತಾವಾಗಿಯೇ ಹೇಳಲಿ.

ಎರಡು, ಮುಂದಿನ ಅರ್ಜಿಗೆ ಮೊದಲೇ ಜಾಗದ ಪಟ್ಟಿ ಆಗಲಿ. ಅರಣ್ಯ ಇಲಾಖೆ, ಕಂದಾಯ ಇಲಾಖೆ, ಪಂಚಾಯತಿ, ಮೂವರೂ ಒಂದೇ ಮೇಜಿಗೆ ಕೂತು ಸಹಿ ಹಾಕಲಿ. ಸಹಿ ಬೀಳದ ಜಾಗದಲ್ಲಿ ನಕ್ಷೆ ಬರೆಯುವುದು ಬೇಡ.

ಮೂರು, ದೊಡ್ಡದು ಒಂದರ ಬದಲು ಚಿಕ್ಕದು ಹತ್ತು. ಯಾಣಕ್ಕೆ, ಮಿರ್ಜಾನ ಕೋಟೆಗೆ, ಅಪ್ಸರಕೊಂಡಕ್ಕೆ, ಮುರುಡೇಶ್ವರಕ್ಕೆ ನೀರು, ಶೌಚಾಲಯ, ಕಾವಲು, ಕಸ. ಚಿಕ್ಕ ಕಾಮಗಾರಿ ಬೇಗ ಮುಗಿಯುತ್ತದೆ. ಬೇಗ ಮುಗಿದದ್ದಕ್ಕೆ ಬೇಗ ಬಳಕೆ ಪ್ರಮಾಣಪತ್ರ. ಅದು ಹೋದರೆ ಮುಂದಿನ ಕಂತು ತಾನಾಗಿ ಬರುತ್ತದೆ.

ನಾಲ್ಕು, ಕಟ್ಟುವ ದಿನವೇ ಗುಡಿಸುವವರ ಸಂಬಳ ಎಲ್ಲಿಂದ ಎಂಬುದು ಕಾಗದದಲ್ಲಿರಲಿ. ಪಾರ್ಕಿಂಗಿನ ದುಡ್ಡಿನಲ್ಲಿ ಒಂದು ಪಾಲು ಊರಿನ ಗ್ರಾಮ ಅರಣ್ಯ ಸಮಿತಿಗೋ ಪಂಚಾಯತಿಗೋ ಕಡ್ಡಾಯವಾಗಿ ಸೇರಲಿ. ಊರವರಿಗೆ ಲಾಭ ಇದ್ದರೆ ಊರವರೇ ಕಾಯುತ್ತಾರೆ.

ಇವು ಆಕಾಶದಿಂದ ಇಳಿದ ಬುದ್ಧಿಮಾತಲ್ಲ. ಒಂದು ಸಾಧಾರಣ ಹೋಟೆಲು ಇಡುವವನೂ ಜಾಗ, ನೀರು, ಕೂಲಿ ನೋಡಿಕೊಂಡೇ ಒಲೆ ಹಚ್ಚುತ್ತಾನೆ. ಮೂರು ಜಿಲ್ಲೆಯ ಯೋಜನೆಗೆ ಅಷ್ಟು ಬುದ್ಧಿ ಬೇಡವೇ?

ಯಾಣದ ಬಂಡೆಗೆ ಅವಸರವಿಲ್ಲ. ಅದು ಎಷ್ಟೋ ಲಕ್ಷ ಮಳೆಗಾಲ ಕಂಡಿದೆ, ಇನ್ನೂ ನಿಲ್ಲುತ್ತದೆ. ಅವಸರ ಇರುವುದು ನಮಗೆ. ಬರುವ ಶಿವರಾತ್ರಿಗೆ ಮಗು ಎತ್ತಿಕೊಂಡು ಮೆಟ್ಟಿಲು ಹತ್ತುವ ತಾಯಿಗೆ ಬೇಕಾದ್ದು ಒಂದು ಕೊಡ ಶುದ್ಧ ನೀರು, ಒಂದು ಗಟ್ಟಿ ಬಾಗಿಲು. ಅದಕ್ಕೆ 95 ಕೋಟಿ ಬೇಡ. ಆದರೆ ಬಂದ 95 ಕೋಟಿಯಲ್ಲಿ ಅಷ್ಟೂ ಆಗಲಿಲ್ಲ ಅಂದರೆ, ಸೊಕ್ಕು ಇದ್ದದ್ದು ಯಾಣಕ್ಕೆ ಹೋದವರಿಗಲ್ಲ, ಕಡತದ ಮೇಲೆ ಕೂತವರಿಗೆ ಅಂತಲೇ ಅರ್ಥ.